ಕಾಗದದ ತಾಯಿ

ಹೆರಿಗೆ ವಾರ್ಡಿನಲ್ಲಿ ಆ ಮಧ್ಯಾಹ್ನ ಅವಳು ಹೇಳಿದ ‘ಇಲ್ಲ’ಗಳು ಒಟ್ಟು ಹನ್ನೊಂದು. ಹತ್ತು ನಿಜ, ಒಂದು ಸುಳ್ಳು.

ಬೇಕೆಂದು ಹೇಳಿದ ಸುಳ್ಳಲ್ಲ. ಹೆತ್ತು ಎರಡು ದಿನವೂ ಆಗಿರಲಿಲ್ಲ. ಕೂತರೆ ಹೊಲಿಗೆ ಎಳೆಯುತ್ತಿತ್ತು, ಮಲಗಿದರೆ ಸೊಂಟ ಬಿಟ್ಟುಹೋದಂತಾಗುತ್ತಿತ್ತು. ಅಷ್ಟರಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಬರುತ್ತಿದ್ದಳು. ಬಸುರಿಯರು ಏನು ತಿಂದರೆ ಮಗುವಿಗೆ ಏನಾಗುತ್ತದೆ ಎಂದು ನೋಡುವ ಅಧ್ಯಯನವಂತೆ. ವಾರ್ಡಿನವರು ಆಕೆಯನ್ನು ಸರ್ವೆ ಮೇಡಂ ಎನ್ನುತ್ತಿದ್ದರು. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯಿಂದ ಎರಡು ಚಮಚ ರಕ್ತ ತೆಗೆದುಕೊಳ್ಳಲು ಈ ಬಾಣಂತಿ ಮೊದಲೇ ಸಹಿ ಹಾಕಿಕೊಟ್ಟಿದ್ದಳು. ಹೇಗೂ ಎಸೆಯುವ ಬಳ್ಳಿ, ಇವರಿಗಾದರೂ ಉಪಯೋಗಕ್ಕೆ ಬರಲಿ ಎಂದು. ಉಳಿದದ್ದು ಪ್ರಶ್ನೆಗಳು ಮಾತ್ರ.

ಪಕ್ಕದ ಹಾಸಿಗೆಯವಳು ಎಲ್ಲದಕ್ಕೂ ‘ಇಲ್ಲ ಮೇಡಂ’ ಎಂದು ಮುದ್ದಾಗಿ ತಲೆಯಾಡಿಸಿ ‘ತುಂಬ ಒಳ್ಳೇದು’ ಎನಿಸಿಕೊಂಡಿದ್ದಳು. ಆಮೇಲೆ ಇವಳ ಸರದಿ.

“ಕಾಫಿ ಕುಡೀತಿದ್ರಾ?”

“ಇಲ್ಲ. ವಾಸನೆಗೇ ವಾಂತಿ ಆಗೋದು.”

“ಚಿಪ್ಸು? ಕರಿದ ಆಲೂಗೆಡ್ಡೆ?”

“ಇಲ್ಲ.”

“ಸಿಗರೇಟು?”

“ಅಯ್ಯೋ, ಇಲ್ಲ!”

“ಮನೆಯಲ್ಲಿ ಬೇರೆ ಯಾರಾದ್ರೂ ಸೇದ್ತಾರಾ?”

“ಇಲ್ಲ. ನಮ್ಮೋರು ಬಿಟ್ಟುಬಿಟ್ಟಿದ್ದಾರೆ.”

ಹೀಗೆ ಹತ್ತಾಯಿತು. ಹನ್ನೊಂದನೆಯದು, “ಬಿಸ್ಕತ್ತು, ರಸ್ಕು, ಕೆಂಪಗೆ ಸುಟ್ಟ ಬ್ರೆಡ್ಡು? ವಾರಕ್ಕೆ ಎಷ್ಟು?”

ಕಾಲ ಬಳಿ ಅತ್ತೆ ಕೂತು ಸೇಬು ಹೆಚ್ಚುತ್ತಿದ್ದರು. ‘ಒಣಕಲು ತಿನ್ನಬೇಡವೇ, ಹಣ್ಣು ತಿನ್ನು’ ಎಂದು ಒಂಬತ್ತು ತಿಂಗಳು ಬಾಯಿ ನೋಯಿಸಿಕೊಂಡವರು ಅವರು. ಅವರ ಚಾಕು ಒಂದು ಕ್ಷಣ ನಿಂತಿತು.

“ಇಲ್ಲ.”

“ತುಂಬ ಒಳ್ಳೇದು,” ಎಂದರು ಮೇಡಂ.

ಅವಳು ಕೆಲಸ ಮಾಡುತ್ತಿದ್ದದ್ದೇ ರಸ್ಕಿನ ಕಾರ್ಖಾನೆಯಲ್ಲಿ. ಓವನ್ನಿನ ಬಾಯಿಂದ ಟ್ರೇಗಳು ಬೆಲ್ಟಿನ ಮೇಲೆ ಹೊರಬರುವ ಜಾಗದಲ್ಲಿ, ಬಿಳಿ ದೀಪದ ಕೆಳಗೆ, ಎತ್ತರದ ಸ್ಟೂಲಿನ ಮೇಲೆ ಕೂತು ಬಣ್ಣ ನೋಡುವುದು ಅವಳ ಕೆಲಸ. ಹಾಗಾಗಿ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಪ್ರತಿ ಟ್ರೇಯಿಂದ ಎರಡು ಎತ್ತಿ ಮುರಿಯಬೇಕು. ಹೊರಗೆ ಎಷ್ಟು ಕೆಂಪು, ಒಳಗೆ ಎಷ್ಟು ಬಿಳಿ ಎಂದು ನೋಡಬೇಕು. ಅಂಚು ಕಚ್ಚಿ, ಕಹಿ ಇದೆಯೇ ಎಂದು ನಾಲಿಗೆಯಲ್ಲಿ ಹೊರಳಿಸಿ, ಪಕ್ಕದ ಬೋಗುಣಿಗೆ ಉಗಿಯಬೇಕು. ನುಂಗುವ ಹಾಗಿಲ್ಲ. ಕರಕಲಾದದ್ದೆಲ್ಲ ದನದ ಮೇವಿನ ಚೀಲಕ್ಕೆ. ಅದನ್ನು ತಿಂದವರು, ಜೇಬಿಗಿಳಿಸಿದವರು ಅವತ್ತೇ ಮನೆಗೆ ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು.

ಮೂರನೇ ತಿಂಗಳಲ್ಲಿ ಅವಳಿಗೆ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಚ್ಚಿದ ಅಂಚನ್ನು ಉಗಿಯಲು ಮರೆತಳು. ಅದು ಹೊಟ್ಟೆಯಲ್ಲಿ ನಿಂತಿತು. ಮಾರನೆಯ ದಿನ ಬೇಕೆಂದೇ ಮರೆತಳು. ಬಿಳಿಯದು ತಿಂದರೆ ವಾಕರಿಕೆ, ಕಪ್ಪು ಅಂಚಿನದಾದರೆ ಪರಮಸುಖ. ಟ್ರೇಯ ನಾಲ್ಕು ಮೂಲೆಗಳಿಗೆ ಓವನ್ನಿನ ಕಾವು ಜಾಸ್ತಿ. ಅಲ್ಲಿನ ತುಂಡುಗಳು ಸುಟ್ಟ ಸಕ್ಕರೆಯಂತೆ ಕಹಿಸಿಹಿಯಾಗಿ, ಕಟಕಟ ಎನ್ನುತ್ತಿದ್ದವು. ಬೆಲ್ಟಿನ ಕೊನೆಯಲ್ಲಿ ಪೊಟ್ಟಣ ಕಟ್ಟುವ ಪ್ಯಾಕಿಂಗ್ ಅಕ್ಕ ಇದನ್ನು ಕಂಡುಹಿಡಿದಳು.

“ಎರಡು ಜೀವ, ಬಯಕೆ ಹಿಡಿದಿಡಬಾರದು ಕಣೇ. ಮಗು ಹುಟ್ಟಿದ ಮೇಲೆ ಜೊಲ್ಲು ಸುರಿಸ್ತಾ ಕೂರುತ್ತೆ,” ಎಂದು ಕಣ್ಣು ಮಿಟುಕಿಸಿ, ಮೂಲೆ ತುಂಡುಗಳನ್ನು ಆರಿಸಿ ಕಾಗದದಲ್ಲಿ ಸುತ್ತಿ ಅವಳ ಏಪ್ರನ್ನಿನೊಳಗೆ ತುರುಕಿದಳು. ಮರುದಿನದಿಂದ ಅದೊಂದು ಕಟ್ಟಳೆಯೇ ಆಯಿತು. ಆರು ಜನ ಹೆಂಗಸರು ಮೇಸ್ತ್ರಿಯ ಕಣ್ಣು ತಪ್ಪಿಸಿ ಮೂಲೆ ತುಂಡು ಕೂಡಿಡುವರು. ಅವಳು ಊಟದ ಬಿಡುವಿನಲ್ಲಿ ಹಿಂದಿನ ಮೆಟ್ಟಿಲ ಮೇಲೆ ಕೂತು ತಿನ್ನುವಳು. ಯಾರೂ ಅವಳನ್ನು ಅಷ್ಟು ಮುದ್ದು ಮಾಡಿದ್ದಿಲ್ಲ. ಎಂಟನೇ ತಿಂಗಳ ಹೊತ್ತಿಗೆ ದಿನಕ್ಕೆ ಇಪ್ಪತ್ತು ಆಗುತ್ತಿತ್ತು.

ಮಗು ದಿನ ತುಂಬಿಯೇ ಹುಟ್ಟಿತು. ತೂಕ ಎರಡು ಕಿಲೋ ನೂರು ಗ್ರಾಂ. ಅಂಗೈಯಲ್ಲಿ ಕೂರುವಂತಿದ್ದ ಹೆಣ್ಣು ಮಗುವಿಗೆ ಅತ್ತೆ ಗುಬ್ಬಿ ಎಂದು ಹೆಸರಿಟ್ಟರು. ಬೇರೆ ಹೆಸರು ಇನ್ನೂ ಸಿಕ್ಕಿರಲಿಲ್ಲ.

ಆರು ತಿಂಗಳಿಗೆ ಸರಿಯಾಗಿ, ಒಂದು ರಜೆಯ ಮಧ್ಯಾಹ್ನ, ಸರ್ವೆ ಮೇಡಂ ತೂಕದ ಯಂತ್ರ ಹೊತ್ತು ನಾಲ್ಕನೇ ಮಹಡಿಗೆ ಬಂದರು. ಲಿಫ್ಟ್ ಕೆಟ್ಟಿತ್ತು.

“ಲಿಫ್ಟ್ ರಿಪೇರಿ ಮಾಡೋನ ಮನೇಲಿ ಲಿಫ್ಟೇ ನಿಂತಿದೆ ನೋಡಿ,” ಎಂದರು ಅತ್ತೆ, ಮಗನನ್ನು ಕೈಯಿಂದ ತೋರಿಸುತ್ತ. “ಊರಿನೋರನ್ನೆಲ್ಲ ಮೇಲೆ ಹತ್ತಿಸ್ತಾನೆ, ಹೆತ್ತ ತಾಯಿ ಮಾತ್ರ ಮೆಟ್ಟಿಲಲ್ಲಿ ಏದುಸಿರು ಬಿಡಬೇಕು.”

ಗಂಡ ನಕ್ಕು ಸುಮ್ಮನಾದ. ಅವನ ಹಲ್ಲಿನ ನಡುವೆ ಎಂದಿನಂತೆ ಬೆಂಕಿಕಡ್ಡಿ ಇತ್ತು. ಬಸುರಿ ಎಂದು ಗೊತ್ತಾದ ದಿನವೇ ಅವನು ಸಿಗರೇಟಿನ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ‘ನೀನೇ ಮುರಿದು ಹಾಕು’ ಎಂದಿದ್ದ. ಆಮೇಲೆ ಎರಡು ತಿಂಗಳು ಗೋಡೆಗೂ ಸಿಡುಕುತ್ತಿದ್ದ. ಆದರೆ ಮತ್ತೆ ಸೇದಲಿಲ್ಲ. ಅವನ ಅಂಗಿ ಒಗೆಯುವವಳು ಅವಳೇ. ಅವಳಿಗೆ ಗೊತ್ತಿರದೆ ಇನ್ನಾರಿಗೆ?

ಮೇಡಂ ಮಗುವನ್ನು ತೂಗಿದರು. ತಲೆಯ ಸುತ್ತ ಟೇಪು ಸುತ್ತಿ ಅಳೆದರು, ಬರೆದುಕೊಂಡರು, ಮತ್ತೊಮ್ಮೆ ಅಳೆದರು. ಎರಡನೇ ಸಲ ಅಳೆದಾಗ ಬಣ್ಣದಕ್ಕ ಬಗ್ಗಿ ಟೇಪಿನ ಅಂಕಿ ನೋಡಿದಳು.

“ಸಣ್ಣದಾಗಿದೆ, ಆದ್ರೆ ಚುರುಕಾಗಿದೆ,” ಎಂದರು ಮೇಡಂ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು, “ಒಂದು ವಿಷಯ ಕೇಳಬೇಕಿತ್ತು. ಬೇಜಾರು ಮಾಡ್ಕೋಬೇಡಿ,” ಎಂದರು.

ವಿಷಯ ಇಷ್ಟೇ. ಹಿಟ್ಟಿನ ಪದಾರ್ಥಗಳು, ಆಲೂಗೆಡ್ಡೆ, ಬ್ರೆಡ್ಡು, ಬಿಸ್ಕತ್ತು ಇಂಥವು ಬಲವಾದ ಕಾವಿನಲ್ಲಿ ಒಣಗಿ ಕೆಂಪಗಾಗುವಾಗ ಅವುಗಳಲ್ಲಿ ಅಕ್ರಿಲಮೈಡ್ ಎಂಬುದೊಂದು ಹುಟ್ಟುತ್ತದೆ. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ನೀರಿನಲ್ಲಿ ಬೇಯಿಸಿದರೆ ಇರುವುದಿಲ್ಲ. ಸಿಗರೇಟಿನ ಹೊಗೆಯಲ್ಲೂ ಇದೆ. ತಾಯಿಯ ರಕ್ತದಿಂದ ಅದು ಬಳ್ಳಿ ದಾಟಿ ಮಗುವಿಗೆ ಹೋಗುತ್ತದೆ.

“ನಿಮ್ಮ ಬಳ್ಳಿಯ ರಕ್ತದಲ್ಲಿ ಅದರ ಗುರುತು ಬೇರೆಯವರ ಮೂರು ಪಟ್ಟು ಇದೆ,” ಎಂದರು ಮೇಡಂ. “ಆದ್ರೆ ನೀವು ಏನೂ ತಿಂದಿಲ್ಲ ಅಂತ ಹೇಳಿದ್ದೀರಿ. ಎರಡು ಸಲ ಪರೀಕ್ಷೆ ಮಾಡಿಸಿದ್ವಿ. ಹೊಂದ್ತಾ ಇಲ್ಲ.”

ಅತ್ತೆ ಮಗುವಿನ ಕಾಲು ಮುಟ್ಟಿ ನೋಡಿದರು.

“ಅದಕ್ಕೇ ಮಗು ಸಣ್ಣದಾಯ್ತಾ?” ಅತ್ತೆ ಕೇಳಿದರು.

“ಹಾಗಂತ ಹೇಳೋಕಾಗಲ್ಲಮ್ಮ. ಬೇರೆ ಕಾರಣಗಳೂ ಇರಬಹುದು. ಅದನ್ನೇ ತಿಳ್ಕೊಳ್ಳೋಕೆ ಈ ಅಧ್ಯಯನ. ಮನೆಯಲ್ಲಿ ಯಾರೂ ಸೇದಲ್ಲ ಅಂತ ಬರ್ಕೊಂಡಿದ್ದೀನಿ. ಸರಿ ತಾನೆ?”

ಅತ್ತೆಯ ಕುತ್ತಿಗೆ ಮೆಲ್ಲಗೆ ಮಗನತ್ತ ತಿರುಗಿತು.

“ಅಮ್ಮ, ನಾನು ಬಿಟ್ಟು ಒಂದು ವರ್ಷದ ಮೇಲಾಯ್ತು,” ಎಂದ ಅವನು.

“ನಿನ್ನ ಮೂಗಿನ ಹೊಗೆ ನೋಡಿ ಜನ ರೈಲು ಬಂತು ಅಂತ ಓಡ್ತಿದ್ರು. ಒಂದೇ ದಿನಕ್ಕೆ ಬಿಟ್ನಂತೆ!”

ಬಣ್ಣದಕ್ಕ ಬಾಯಿ ತೆರೆಯಬೇಕಿದ್ದದ್ದು ಆಗಲೇ. ಆದರೆ ಎಲ್ಲರೂ ಅವನ ಮುಖ ನೋಡುತ್ತಿದ್ದರು, ಅವಳ ಮುಖ ಯಾರೂ ನೋಡುತ್ತಿರಲಿಲ್ಲ. ಹಾಗೆ ಯಾರ ಕಣ್ಣಿಗೂ ಬೀಳದೆ ನಿಂತಿರುವುದು ಎಷ್ಟು ಹಗುರವಾಗಿತ್ತೆಂದರೆ, ಅವಳು ಮಗುವಿನ ಟೋಪಿಯ ದಾರ ಕಟ್ಟುತ್ತ ಕೂತುಬಿಟ್ಟಳು. ಯೋಚಿಸಿ ನೋಡಿ, ಎರಡು ವಾರ ಬಿಟ್ಟು ಬರ್ತೀನಿ ಎಂದು ಮೇಡಂ ಇಳಿದುಹೋದರು.

ಅವತ್ತಿನಿಂದ ಮನೆಯಲ್ಲಿ ಇನ್ನೊಬ್ಬಳು ಓಡಾಡತೊಡಗಿದಳು.

ಮೊದಲು ಕಂಡದ್ದು ಬಟ್ಟೆ ಒಣಹಾಕುವಾಗ. ತಂತಿಯ ಮೇಲಿನ ಹೊದಿಕೆ ಗಾಳಿಗೆ ಸರಿದಾಗ, ಅದರಾಚೆ ಒಬ್ಬಳು ನಿಂತಂತಿತ್ತು. ಬಣ್ಣದಕ್ಕನಷ್ಟೇ ಎತ್ತರ, ಅವಳದೇ ಭುಜ. ಆದರೆ ಬಟ್ಟೆಯ ಮೇಲೆ ಒಂದು ಚೂರು ಪುಡಿಯೂ ಇಲ್ಲ. ಉಗುರುಗಳ ಸಂದಿ ಸ್ವಚ್ಛ. ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಹನ್ನೊಂದು ಪ್ರಶ್ನೆಗೂ ಇಲ್ಲ ಎಂದ ತಾಯಿ ಅವಳು. ಸೇಬು ತಿಂದವಳು, ಬೇಯಿಸಿದ ಸೊಪ್ಪು ತಿಂದವಳು, ತುಂಬ ಒಳ್ಳೇದು ಎನಿಸಿಕೊಂಡವಳು. ಬಣ್ಣದಕ್ಕ ಬಾಯಿಮಾತಿನಲ್ಲಿ ಹೆತ್ತು ಕಾಗದದ ಮೇಲೆ ಮಲಗಿಸಿ ಬಂದಿದ್ದ ಆ ತಾಯಿ ಈಗ ಎದ್ದು ನಡೆಯುತ್ತಿದ್ದಳು.

ಗದ್ದಲವಿಲ್ಲದ ಪ್ರಾಣಿ. ಬಾಗಿಲು ಬಡಿಯುತ್ತಿರಲಿಲ್ಲ, ಪಾತ್ರೆ ಉರುಳಿಸುತ್ತಿರಲಿಲ್ಲ. ಬಣ್ಣದಕ್ಕ ಕೆಲಸದಿಂದ ಬಂದು ಕೈಕಾಲು ತೊಳೆದು ಬರುವಷ್ಟರಲ್ಲಿ ತೊಟ್ಟಿಲ ಬಳಿ ನಿಂತಿರುತ್ತಿದ್ದಳು. ಮಗುವನ್ನು ಎತ್ತಿಕೊಂಡರೆ ಅದು ಇವಳ ಹೆಗಲ ಮೇಲಿಂದ ಹಿಂದೆ ಯಾರನ್ನೋ ನೋಡಿ ಬೊಚ್ಚುಬಾಯಿ ತೆರೆದು ನಗುತ್ತಿತ್ತು. ತಿರುಗಿ ನೋಡಿದರೆ ಗೋಡೆ. ಮತ್ತೆ ಮಗುವನ್ನು ನೋಡಿದರೆ, ಅದು ಇನ್ನೂ ನಗುತ್ತಿತ್ತು.

ಅದಕ್ಕಿಂತ ಕಷ್ಟ ವಾಸನೆಯದು. ಎಳೆಮಕ್ಕಳ ನೆತ್ತಿ ಹಾಲು ವಾಸನೆ ಬರುತ್ತದೆ ಎಂದು ಎಲ್ಲರೂ ಮೂಸಿ ಮೂಸಿ ಮುದ್ದಿಸುತ್ತಿದ್ದರು. ಬಣ್ಣದಕ್ಕ ಮೂಸಿದರೆ ಓವನ್ನಿನ ಬಾಯಿ ತೆರೆದಂತೆ, ಅಂಚು ಹತ್ತಿದ ಟ್ರೇ ಹೊರಬಂದಂತೆ ಘಮಲು. ಎರಡು ಸಲ ಸೋಪು ಹಚ್ಚಿ ತಲೆ ತೊಳೆದಳು. ಮೂರನೇ ಸಲ ಅವಳ ಕೈಯಿಂದ ಅತ್ತೆ ಮಗುವನ್ನು ಕಸಿದುಕೊಂಡರು.

“ಚರ್ಮ ಸುಲೀತೀಯೇನೇ? ಏನಾಗಿದೆ ನಿಂಗೆ?”

“ಸುಟ್ಟ ವಾಸನೆ ಬರ್ತಿದೆ, ಅತ್ತೆ.”

ಅತ್ತೆ ನೆತ್ತಿ ಮೂಸಿದರು. ಅವರ ಮುಖ ಗಟ್ಟಿಯಾಯಿತು. “ಬರ್ತಿರಬೇಕು. ಹೊಗೆ ಕುಡಿದು ಬೆಳೆದ ಕೂಸಲ್ವಾ. ಆ ಪಾಪಿ ಬರಲಿ, ಮಾಡ್ತೀನಿ ಅವನಿಗೆ.”

ಪಾಪಿ ಬಂದ. ಸಂಜೆಯ ಕಾಫಿ ಲೋಟ ಅವನ ಮುಂದೆ ಠಕ್ಕೆಂದು ಬಂದು ಕೂತಿತು. ಅಂಗಿಯ ಜೇಬುಗಳನ್ನು ಅತ್ತೆ ಎಲ್ಲರ ಎದುರಿಗೇ ಮಗುಚಿ ನೋಡಿದರು. ಒಂದು ಬೋಲ್ಟು, ಎರಡು ಬೆಂಕಿಕಡ್ಡಿ ಬಿದ್ದವು.

“ಕಡ್ಡಿ ಇದೆ. ಸಿಗರೇಟು ಎಲ್ಲಿ ಬಚ್ಚಿಟ್ಟಿದ್ದೀಯ, ಹೇಳು. ಲಿಫ್ಟಿನ ಗುಂಡೀಲಾ?”

“ಹುಡುಕಿಸು ಅಮ್ಮ. ಪೊಲೀಸ್ ನಾಯಿ ಕರೆಸು,” ಎಂದ ಅವನು, ಮೊದಲ ದಿನ ತಮಾಷೆಯಾಗಿ. ನಾಲ್ಕನೇ ದಿನ ತಮಾಷೆ ನಿಂತಿತು. ಎಂಟನೇ ದಿನ ಕೆಲಸದಿಂದ ತಡವಾಗಿ ಬರತೊಡಗಿದ. ಮಗುವನ್ನು ಎತ್ತಿಕೊಳ್ಳುವ ಮುಂಚೆ ತಾಯಿಯ ಮುಖ ನೋಡುವನು, ಅಪ್ಪಣೆಗೆ ಕಾದವನಂತೆ. ಒಮ್ಮೆ ಹೆಂಡತಿಯ ಮುಖವನ್ನೂ ನೋಡಿದ. ನೀನಾದರೂ ಒಂದು ಮಾತು ಹೇಳು ಎಂಬಂತಿತ್ತು ಆ ನೋಟ. ಅವಳು ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೋಡಲು ಎದ್ದು ಹೋದಳು.

ಕಾರ್ಖಾನೆಯಲ್ಲಿ ಅವಳಿಗೆ ಟ್ರೇಯ ಮೂಲೆಗಳನ್ನು ನೋಡಲು ಆಗುತ್ತಿರಲಿಲ್ಲ. ಬಾಯಿಗಿಟ್ಟ ಅಂಚನ್ನು ಉಗಿದು, ನೀರು ಮುಕ್ಕಳಿಸಿ, ಮತ್ತೆ ಉಗಿಯುವಳು. ಪ್ಯಾಕಿಂಗ್ ಅಕ್ಕ ಹಳೆಯ ಅಭ್ಯಾಸದಂತೆ ಒಂದು ಪೊಟ್ಟಣ ಅವಳ ಮಡಿಲಿಗೆ ಎಸೆದಳು.

“ತಗೋಳೇ. ಹಾಲೂಡಿಸೋಳು ನೀನು.”

“ಬೇಡ ಅಕ್ಕ. ಇನ್ನು ಮೇಲೆ ಕೊಡಬೇಡ.”

“ಓಹೋ! ಹೆತ್ತ ಮೇಲೆ ನಮ್ಮ ಮೂಲೆ ತುಂಡು ರುಚಿಸ್ತಿಲ್ಲ ದೊರೆಸಾನಿಗೆ. ಅವತ್ತು ಬೆಕ್ಕಿನ ಥರ ನನ್ನ ಹಿಂದೆ ಹಿಂದೆ ಬರ್ತಿದ್ದೋಳು ಯಾರಪ್ಪ?” ಎಂದು ಅಕ್ಕ ಬೆಲ್ಟಿನ ಮೇಲೆ ಬಗ್ಗಿ ನಕ್ಕಳು. ಆ ನಗೆಯಲ್ಲಿ ಕೊಂಚವೂ ಕೆಟ್ಟದ್ದಿರಲಿಲ್ಲ. ಅಕ್ಕ, ನೀವು ಪ್ರೀತಿಯಿಂದ ಕೊಟ್ಟದ್ದು ಹೀಗಂತೆ ಎಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಪೊಟ್ಟಣವನ್ನು ಮೇವಿನ ಚೀಲಕ್ಕೆ ಹಾಕಿದಳು. ಅಕ್ಕನ ನಗೆ ಅರ್ಧಕ್ಕೆ ನಿಂತದ್ದು ಬೆನ್ನಿಗೆ ಗೊತ್ತಾಯಿತು.

ಎರಡು ವಾರ ಕಳೆದು ಮೇಡಂ ಬಂದರು. ಈ ಸಲ ಬಾಗಿಲು ತೆರೆದವನು ಗಂಡ. ಕೂರಿಸಿದ, ನೀರು ಕೊಟ್ಟ. ಮೇಡಂ ಕಾಗದ ತೆಗೆಯುವುದಕ್ಕೂ ಬಿಡದೆ, “ಬರ್ಕೊಳ್ಳಿ. ನಾನು ಸೇದ್ತಿದ್ದೆ,” ಎಂದ.

ಅತ್ತೆ ಹಣೆ ಚಚ್ಚಿಕೊಂಡರು.

“ಎಷ್ಟು?” ಮೇಡಂ ಕೇಳಿದರು.

“ಹತ್ತು. ಇಲ್ಲ, ಇಪ್ಪತ್ತಿರಬಹುದು. ಇದೇ ಕೋಣೇಲಿ. ಕಿಟಕಿ ಮುಚ್ಚಿಕೊಂಡು.”

“ಒಂಬತ್ತು ತಿಂಗಳೂ?”

“ಒಂಬತ್ತೂ.”

ಮೇಡಂ ಹುಬ್ಬು ಗಂಟಿಕ್ಕಿ ಯೋಚಿಸಿದರು. “ಪಕ್ಕದಲ್ಲಿ ಸೇದಿದ್ದಕ್ಕೆ ಇಷ್ಟೊಂದು ಬರೋದು ಸ್ವಲ್ಪ ವಿಚಿತ್ರ. ಆದ್ರೂ... ನೀವೇ ಹೇಳ್ತಿದ್ದೀರಲ್ಲ,” ಎಂದು ಬರೆದುಕೊಂಡರು. ಅವನು ಸಹಿ ಹಾಕಿದ. ಮೇಡಂ ತಾರೀಕು ಹಾಕಿ, ಕಾಗದವನ್ನು ಎರಡಾಗಿ ಮಡಚಿ ಚೀಲಕ್ಕಿಳಿಸಿದರು. ಅವರು ಹೋಗುತ್ತಿದ್ದಂತೆ ಅತ್ತೆ ಏನೂ ಬೈಯಲಿಲ್ಲ. ಮಗುವನ್ನು ಅವನ ಕಾಲ ಬಳಿಯಿಂದ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವನು ಗೋಡೆಗೆ ಒರಗಿ ಕೂತ. ಅವನ ಪಕ್ಕದಲ್ಲಿ, ಕುರ್ಚಿಯ ತುದಿಯಲ್ಲಿ, ಕೈ ಜೋಡಿಸಿಕೊಂಡು ಆ ಇನ್ನೊಬ್ಬಳು ಕೂತಿದ್ದಳು. ಮುಂಚಿಗಿಂತ ಸ್ಪಷ್ಟವಾಗಿದ್ದಳು. ಈಗ ಅವಳಿಗೆ ಸಾಕ್ಷಿಯ ಸಹಿ ಬೇರೆ ಇತ್ತಲ್ಲ. ಅವಳು ಬಣ್ಣದಕ್ಕನನ್ನು ನೋಡಿ ಸಣ್ಣಗೆ, ಒಳ್ಳೆಯ ಮನೆಯವರು ಅತಿಥಿಗೆ ನಗುವಂತೆ ನಕ್ಕಳು.

ಬಣ್ಣದಕ್ಕ ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಮೆಟ್ಟಿಲಿಳಿದು ಓಡಿದಳು.

ಎರಡನೇ ಮಹಡಿಯ ತಿರುವಿನಲ್ಲಿ ಮೇಡಂ ಸಿಕ್ಕರು. “ಅವರು ಸೇದಿಲ್ಲ,” ಎಂದಳು, ಉಸಿರು ಹಿಡಿಯಲಾರದೆ. “ತಿಂದಿದ್ದು ನಾನು.”

ಮೇಡಂ ಚೀಲ ಕೆಳಗಿಟ್ಟರು. ಅವಳು ಹೇಳಿದಳು. ಓವನ್ನು, ಮೂಲೆಗಳು, ಹಿಂದಿನ ಮೆಟ್ಟಿಲು, ಎಲ್ಲ. ಆರು ಜನ ಹೆಂಗಸರ ಮಾತು ಮಾತ್ರ ಎತ್ತಲಿಲ್ಲ. ಮೇಡಂ ಬೈಯುತ್ತಾರೆಂದು ಕಾದಳು. ಅವರು ಮೆಟ್ಟಿಲ ಮೇಲೆ ಕೂತು ಹೊಸ ಕಾಗದ ತೆಗೆದರು.

“ಯಾವ ತಿಂಗಳಿಂದ?”

“ಮೂರರಿಂದ.”

“ದಿನಕ್ಕೆ?”

“ಮೊದಲು ಐದಾರು. ಆಮೇಲೆ ಇಪ್ಪತ್ತು.”

“ಕಾರ್ಖಾನೆಯವರಿಗೆ ಈ ಕಾಗದ ಹೋಗಲ್ಲ. ಹೆದರಬೇಡಿ,” ಎಂದು ಬರೆಯುತ್ತಲೇ ಹೇಳಿದರು. “ನಿಮ್ಮಂಥೋರು ಹೇಳಿದ್ದನ್ನ ನಂಬಿಕೊಂಡೇ ನಾವು ನಾಳೆ ಇನ್ನೊಬ್ಬ ಬಸುರಿಗೆ ಇಷ್ಟು ತಿನ್ನಮ್ಮ, ಇಷ್ಟು ಸಾಕು ಅಂತ ಹೇಳೋದು. ಬಂಗಾರದ ಬಣ್ಣಕ್ಕೆ ನಿಲ್ಲಿಸಿ, ಕಂದಾಗೋಕೆ ಬಿಡಬೇಡಿ ಅಂತ. ನೀವು ಓಡಿ ಬರದಿದ್ರೆ ತಪ್ಪು ಹೇಳ್ತಿದ್ವಿ.”

“ಹಾಗಾದ್ರೆ ನನ್ನಿಂದಲೇ ತಾನೆ? ಗುಬ್ಬಿ ಸಣ್ಣದಾಗಿದ್ದು?”

ಮೇಡಂ ಪೆನ್ನು ನಿಲ್ಲಿಸಿದರು. ಅವರಿಗೂ ಸುಸ್ತಾಗಿತ್ತು, ಎಷ್ಟು ಮಹಡಿ ಹತ್ತಿದ್ದರೋ ಅವತ್ತು. “ಸಾವಿರ ಮಕ್ಕಳನ್ನ ಒಟ್ಟಿಗೆ ನೋಡಿದ್ರೆ, ಇದು ಜಾಸ್ತಿ ಇದ್ದೋರ ತೂಕ ಸ್ವಲ್ಪ ಕಡಿಮೆ ಇರುತ್ತೆ ಅಂತ ಹೇಳಬಹುದು. ಒಂದು ಮಗುವನ್ನ ಎತ್ತಿಕೊಂಡು, ಇದು ಇದರಿಂದಲೇ ಅಂತ ಯಾರಿಗೂ ಹೇಳೋಕಾಗಲ್ಲ, ಅಮ್ಮ. ಇದರಿಂದಲ್ಲ ಅಂತಲೂ ಹೇಳೋಕಾಗಲ್ಲ. ಹಾಲು ನಿಲ್ಲಿಸಬೇಡಿ. ಚೆನ್ನಾಗಿ ಉಣ್ಣಿ.”

“ಯಾವತ್ತಾದ್ರೂ ಗೊತ್ತಾಗುತ್ತಾ?”

“ನಿಮ್ಮ ಮಗುವಿನದಾ? ಇಲ್ಲ.”

ಹೌದು ಎಂದಿದ್ದರೆ ಅವಳು ಅತ್ತು ಮುಗಿಸುತ್ತಿದ್ದಳು. ಅಲ್ಲ ಎಂದಿದ್ದರೆ ಕಾಲಿಗೆ ಬೀಳುತ್ತಿದ್ದಳು. ಈ ಉತ್ತರವನ್ನು ಏನು ಮಾಡಬೇಕೆಂದು ತಿಳಿಯದೆ, ಹೊಸ ಕಾಗದಕ್ಕೆ ಸಹಿ ಹಾಕಿ, ಮೆಟ್ಟಿಲು ಹತ್ತತೊಡಗಿದಳು. ಹಿಂದೆ ಮೇಡಂ ಹಳೆಯ ಎರಡು ಕಾಗದಗಳನ್ನು ಅಡ್ಡಗೆರೆ ಎಳೆದು ಹೊಡೆದುಹಾಕುವ ಸದ್ದು ಕೇಳಿತು.

ಮೂರನೇ ಮಹಡಿಯ ಕಟಕಟೆ ಹಿಡಿದು ಗಂಡ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು.

“ಯಾಕ್ರೀ ಹಾಗಂದ್ರಿ?” ಎಂದಳು ಅವಳು, ಮೊದಲು ಕೇಳುವ ಹಕ್ಕು ತನಗಿದೆ ಎಂಬಂತೆ.

“ಯಾರಾದ್ರೂ ಒಬ್ಬರು ತಪ್ಪು ಹೊರಲೇಬೇಕಿತ್ತಲ್ಲ,” ಎಂದ ಅವನು. “ಅಮ್ಮ ನನ್ನ ಬಿಟ್ಟು ನಿನ್ನ ಕಡೆ ತಿರುಗಿದ್ರೆ ನಿನ್ನ ಕೈಲಿ ತಡೆಯೋಕಾಗ್ತಿರಲಿಲ್ಲ. ನೀನು ಮೊದಲೇ ಗಾಳಿ ಹಿಡಿದೋಳ ಥರ ಇದ್ದೆ. ಅದಕ್ಕೆ.”

ಅವಳು ಒಂದು ಮೆಟ್ಟಿಲು ಹತ್ತಿ ನಿಂತಳು.

“ಒಂದೇ ಒಂದು ಕೇಳ್ತೀನಿ. ನಾನು ಸೇದಿಲ್ಲ ಅಂತ ನಿಂಗೆ ಗೊತ್ತಿತ್ತಾ? ಅನುಮಾನ ಅಲ್ಲ. ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದರೆ ಅವನು ನಂಬುತ್ತಿದ್ದ. ನಂಬಲು ಅವನಿಗೆ ಆಸೆಯಿತ್ತು. ಅದು ಕಣ್ಣಲ್ಲೇ ಕಾಣುತ್ತಿತ್ತು.

“ಗೊತ್ತಿತ್ತು,” ಎಂದಳು.

“ಯಾವತ್ತಿಂದ?”

“ಮೊದಲ ದಿನದಿಂದ.”

ಅವನು ತಲೆಯಾಡಿಸಿದ. ಲೆಕ್ಕ ಹೊಂದಿತು ಎಂಬಂತೆ, ನಿಧಾನವಾಗಿ. ಆಮೇಲೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ತಾನು ಅಲ್ಲೇ ನಿಂತ.

ಮನೆಯಲ್ಲಿ ಕುರ್ಚಿ ಖಾಲಿಯಿತ್ತು. ಒಳಕೋಣೆಯಲ್ಲಿ ಗುಬ್ಬಿ ಹಸಿದು ಕಿರುಚುತ್ತಿತ್ತು. ಅವಳು ಬಾಗಿಲು ತಳ್ಳಿ, ಅತ್ತೆಯ ಕೈಯಿಂದ ಮಗುವನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ನೆತ್ತಿ ಮೂಸಲಿಲ್ಲ. ಮೂಸಲು ಧೈರ್ಯ ಸಾಲಲಿಲ್ಲ. ಗುಟುಕು ಗುಟುಕಾಗಿ ಕುಡಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಮೆಟ್ಟಿಲ ಕಡೆಯಿಂದ ಹೆಜ್ಜೆ ಬರಬಹುದೆಂದು ಅವಳ ಕಿವಿ ಅತ್ತಲೇ ಇತ್ತು. ಹೆಜ್ಜೆ ಮೇಲೆ ಬರಲೂ ಇಲ್ಲ, ಕೆಳಗೆ ಹೋಗಲೂ ಇಲ್ಲ.

“ಹೊರಗೆ ಯಾರೇ ಅದು?” ಅತ್ತೆ ಕುತ್ತಿಗೆ ಉದ್ದ ಮಾಡಿ ಕೇಳಿದರು. “ಮೆಟ್ಟಿಲಲ್ಲಿ ಯಾರೋ ನಿಂತ ಹಾಗಿದೆ.”

“ನಿಮ್ಮ ಮಗ.”

“ನಿಂತಿರಲಿ. ಮಾಡಿದ್ದು ಉಣ್ಣಲಿ.”

“ಅತ್ತೆ,” ಎಂದಳು ಅವಳು. ಮಗು ಕುಡಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿತು. “ಇಲ್ಲಿ ಬನ್ನಿ, ಕೂತ್ಕೊಳ್ಳಿ. ಅವರು ಏನೂ ಮಾಡಿಲ್ಲ.”